ಪಿಡಿಎಫ್ ಕೊಟ್ಟರೆ ನಕ್ಷೆ ಕೊಟ್ಟಂತಾಗಲಿಲ್ಲ

ಕರ್ನಾಟಕದ ಕರಾವಳಿ ಎಷ್ಟು ಉದ್ದ? ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು 320 ಕಿಲೋಮೀಟರ್. ಕೇಂದ್ರ ಸರ್ಕಾರದ ಹಳೆಯ ಪಟ್ಟಿಯಲ್ಲಿ 280. ಈಚೆಗೆ ಪರಿಷ್ಕರಿಸಿದ ಪಟ್ಟಿಯಲ್ಲಿ 343.30. ಕಾರವಾರದಿಂದ ತಲಪಾಡಿಯವರೆಗೆ ಕಡಲತಡಿಯೇನೂ ಹಿಗ್ಗಲಿಲ್ಲ. ಹಳೆಯ ಲೆಕ್ಕ 1970ರ ದಶಕದ್ದು, 1:45,00,000 ಸ್ಕೇಲಿನ ನಕ್ಷೆಯ ಮೇಲೆ ಆದದ್ದು. ಹೊಸದು 1:2,50,000ರ ಮೇಲೆ, ಅಂದರೆ ಹೆಚ್ಚು ವಿವರ ಕಾಣುವ ದೊಡ್ಡ ಸ್ಕೇಲಿನ ಮೇಲೆ. ಸ್ಕೇಲ್ ದೊಡ್ಡದಾದಂತೆ ಅಳಿವೆಗಳ ಒಳಬಾಗು, ಕೊಲ್ಲಿ, ನಡುಗಡ್ಡೆಗಳ ಅಂಚು ಎಲ್ಲ ಕಾಣಿಸಿಕೊಳ್ಳುತ್ತದೆ, ಗೆರೆ ಉದ್ದವಾಗುತ್ತದೆ. ಇದೇ ಕಾರಣಕ್ಕೆ ಇಡೀ ದೇಶದ ಕರಾವಳಿ 7,516.6 ಕಿಲೋಮೀಟರಿನಿಂದ 11,098.81ಕ್ಕೆ ಏರಿತು.

ಮೂರು ಸಂಖ್ಯೆಗಳೂ ಇವತ್ತಿಗೂ ವರದಿಗಳಲ್ಲಿ, ಭಾಷಣಗಳಲ್ಲಿ ಓಡಾಡುತ್ತಿವೆ. ಯಾವುದರ ಪಕ್ಕದಲ್ಲೂ ಅದನ್ನು ಯಾರು, ಯಾವಾಗ, ಯಾವ ನಕ್ಷೆಯಿಂದ ಅಳೆದರು ಎಂದು ಬರೆದಿರುವುದಿಲ್ಲ. ಕಡಲಿನ ಮಾಹಿತಿಯ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ. ಹುಟ್ಟಿದ ಬಗೆಯನ್ನು ಕಳೆದುಕೊಂಡು ಬಂದ ಗೆರೆಯನ್ನು ಯಾರೂ ಪ್ರಶ್ನಿಸಲಾರರು, ತಿದ್ದಲಾರರು.

ನನ್ನ ಹುಟ್ಟೂರು ಗಂಗೊಳ್ಳಿ. ಐದು ನದಿಗಳು ಒಟ್ಟಾಗಿ ಕಡಲು ಸೇರುವ ಜಾಗ. ಮನೆಯಲ್ಲಿ ಅಜ್ಜನ ಕಾಲಕ್ಕೆ ನಾಡದೋಣಿ ಇತ್ತು, ಅಣ್ಣನ ಕಾಲಕ್ಕೆ ಅವನು ಪಾಲುದಾರನಾದ ಬೋಟು ಬಂತು. ನಾನು ಜಿಐಎಸ್ ಓದಿ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಕೆಲಸಕ್ಕೆ ಬಿದ್ದೆ. ಊರಿಗೆ ಹೋದಾಗ ಜನ ನನ್ನನ್ನು ಕೇಳುವ ಪ್ರಶ್ನೆ ಒಂದೇ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಕ್ಷೆಯ ಪ್ರಿಂಟ್ ಹಿಡಿದು ಬಂದು, "ಈ ಗೆರಿ ನಮ್ಮನಿ ಹಿಂದಿತ್ತೊ ಮುಂದಿತ್ತೊ ಹೇಳಿ ಕಾಂಬ" ಅನ್ನುತ್ತಾರೆ.

ಸಿಆರ್‌ಝಡ್ ಅಧಿಸೂಚನೆ ಮೊದಲು ಬಂದದ್ದು 1991ರಲ್ಲಿ. ಆಮೇಲೆ 2011ರಲ್ಲಿ ಹೊಸದು, 2019ರಲ್ಲಿ ಮತ್ತೊಂದು. ಎಲ್ಲದರ ಬೇರು ಒಂದೇ ಗೆರೆ: ದೊಡ್ಡ ಉಬ್ಬರದಲ್ಲಿ ನೀರು ತಲುಪುವ ಗೆರೆ. ಅಲ್ಲಿಂದ ಮೀಟರ್ ಎಣಿಸಿ ಎಲ್ಲಿ ಮನೆ ಕಟ್ಟಬಹುದು, ಎಲ್ಲಿ ಕೂಡದು ಎಂದು ತೀರ್ಮಾನವಾಗುತ್ತದೆ. 2019ರ ಅಧಿಸೂಚನೆ ಪ್ರಕಾರ, 2011ರ ಜನಗಣತಿಯಲ್ಲಿ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವ ಗ್ರಾಮೀಣ ಪ್ರದೇಶಕ್ಕೆ ನಿರ್ಮಾಣ ನಿಷೇಧದ ವಲಯ 50 ಮೀಟರ್. ಅದಕ್ಕಿಂತ ಕಡಿಮೆ ಜನರಿದ್ದರೆ 200 ಮೀಟರ್. ಇನ್ನು ಈ ಗೆರೆಗಳನ್ನು ತೋರಿಸುವ ಕರಾವಳಿ ವಲಯ ಯೋಜನಾ ನಕ್ಷೆಯ ಸ್ಕೇಲ್ 1:25,000. ಆ ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆ ಎಳೆದರೆ ನೆಲದ ಮೇಲೆ ಅದು ಹನ್ನೆರಡೂವರೆ ಮೀಟರ್. ಅಂದರೆ 50 ಮೀಟರಿನ ಕಾಲುಭಾಗವನ್ನು ಗೆರೆಯೇ ನುಂಗಿತು. ಮೂರು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ ಆ ಗೆರೆಯ ಈ ಅಂಚು ಬೇರೆ, ಆ ಅಂಚು ಬೇರೆ. ಸ್ಥಳೀಯ ಬಳಕೆಗೆಂದು 1:4,000ದ ಆಸುಪಾಸಿನ ನಕ್ಷೆಗಳೂ ಇರಬೇಕು. ಅಲ್ಲಿ ಅದೇ ಗೆರೆ ಎರಡು ಮೀಟರಿಗೆ ಇಳಿಯುತ್ತದೆ, ಸರ್ವೆ ನಂಬರ್ ಕಾಣುತ್ತದೆ. ಜನರಿಗೆ ಬೇಕಾದದ್ದು ಅದು.

ನಕ್ಷೆಗಳನ್ನು ಸರ್ಕಾರ ಬಚ್ಚಿಟ್ಟಿಲ್ಲ. ಜಾಲತಾಣದಲ್ಲಿವೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಆದರೆ ಪಿಡಿಎಫ್ ರೂಪದಲ್ಲಿ, ಅಂದರೆ ಚಿತ್ರವಾಗಿ. ಕರ್ನಾಟಕದಲ್ಲಿ ದಿಶಾಂಕ್ ಎಂಬ ಒಳ್ಳೆಯ ಆ್ಯಪ್ ಇದೆ. ಜಾಗದ ಮೇಲೆ ನಿಂತು ಮೊಬೈಲ್ ತೆರೆದರೆ ಸರ್ವೆ ನಂಬರ್ ತೋರಿಸುತ್ತದೆ. ಆ ಸರ್ವೆ ನಂಬರಿನ ಮೇಲೆ ಈ ಉಬ್ಬರದ ಗೆರೆಯನ್ನು ಕೂರಿಸಿದರೆ ಪ್ರಶ್ನೆ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಚಿತ್ರವನ್ನು ಹಾಗೆ ಕೂರಿಸಲು ಬರುವುದಿಲ್ಲ. ದೇವಸ್ಥಾನದ ಮೂಲೆ, ಸೇತುವೆಯ ತುದಿ ಹೀಗೆ ಗುರುತು ಹಿಡಿದು ಕೈಯಿಂದ ಒಂದೊಂದೇ ಹಾಳೆಯನ್ನು ಭೂಮಿಗೆ ಕಟ್ಟಬೇಕು, ಆಮೇಲೆ ಗೆರೆಯನ್ನು ಮತ್ತೆ ಎಳೆಯಬೇಕು. ನಾನು ಮಾಡುತ್ತೇನೆ, ಮಂಗಳೂರಿನ ಒಬ್ಬ ವಿದ್ಯಾರ್ಥಿ ಮಾಡುತ್ತಾನೆ, ಹೊನ್ನಾವರದ ಒಂದು ಸಂಘ ಮಾಡುತ್ತದೆ. ಪ್ರತಿಯೊಬ್ಬರ ಗೆರೆಯೂ ನಾಲ್ಕು ಮೀಟರ್ ಆಚೆ, ಐದು ಮೀಟರ್ ಈಚೆ. ಮೂಲ ಲೇಯರ್, ಅಂದರೆ ಗೆರೆಯನ್ನು ಅದರ ಅಕ್ಷಾಂಶ-ರೇಖಾಂಶದ ಸಮೇತ ಇಟ್ಟಿರುವ ಕಡತ, ಯಾವುದೋ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಇದೆ. ಅದರಿಂದಲೇ ಈ ಪಿಡಿಎಫ್ ಹುಟ್ಟಿದ್ದು. ಸಾರ್ವಜನಿಕ ಹಣದಲ್ಲಿ ಒಮ್ಮೆ ಆದ ಕೆಲಸವನ್ನು ಬಡವರ ಪರವಾಗಿ ಕೆಲಸ ಮಾಡುವವರು ಮತ್ತೆ ಮತ್ತೆ, ಮೊದಲಿಗಿಂತ ಕೆಟ್ಟದಾಗಿ ಮಾಡಬೇಕಾಗಿ ಬಂದಿದೆ. ದೊಡ್ಡ ಕಂಪನಿಗೆ ಇದು ತೊಂದರೆಯಲ್ಲ, ಸಲಹೆಗಾರರಿಗೆ ದುಡ್ಡು ಕೊಟ್ಟು ಮಾಡಿಸಿಕೊಳ್ಳುತ್ತದೆ. ಹೊನ್ನಾವರ ಬಳಿಯ ಕಾಸರಕೋಡು ಟೊಂಕದಲ್ಲಿ ಬಂದರು ಬೇಡವೆಂದು ಹೋರಾಡಿದ ಮೀನುಗಾರರಂಥವರಿಗೆ ಇದು ದೊಡ್ಡ ತೊಂದರೆ.

ನೆಲ ಮತ್ತು ಕಡಲಿನ ನಕ್ಷೆಗಳು ಒಂದಕ್ಕೊಂದು ಕೂಡಿಕೊಳ್ಳದಿರುವುದಕ್ಕೆ ಇನ್ನೊಂದು ಕಾರಣ ಇದೆ. ಸರ್ವೆ ಆಫ್ ಇಂಡಿಯಾ ಎತ್ತರವನ್ನು ಸರಾಸರಿ ಸಮುದ್ರಮಟ್ಟದಿಂದ ಎಣಿಸುತ್ತದೆ. ಡೆಹ್ರಾಡೂನಿನ ರಾಷ್ಟ್ರೀಯ ಜಲನಕ್ಷಾ ಕಚೇರಿ ನೌಕಾ ಚಾರ್ಟುಗಳಲ್ಲಿ ಆಳವನ್ನು ಬಹಳ ಕೆಳಗಿನ ಇಳಿತದ ಮಟ್ಟದಿಂದ ಎಣಿಸುತ್ತದೆ, ಹಡಗು ತಳ ಹಿಡಿಯಬಾರದೆಂಬ ಎಚ್ಚರಿಕೆಯಿಂದ. ಎರಡೂ ತಮ್ಮ ತಮ್ಮ ಕೆಲಸಕ್ಕೆ ಸರಿ. ಆದರೆ ಎರಡು ಸೊನ್ನೆಗಳ ನಡುವಿನ ವ್ಯತ್ಯಾಸವನ್ನು ಸ್ಥಳ ಸ್ಥಳಕ್ಕೆ ಹೊಂದಿಸದಿದ್ದರೆ ನೆಲ-ನೀರಿನ ಜೋಡಣೆ ಬಿರುಕು ಬಿಡುತ್ತದೆ. ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಬೆಳಚು (ಚಿಪ್ಪುಮೀನು) ಆರಿಸುವ ಕೆಸರುಬಯಲುಗಳನ್ನು ನೋಡಿ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಜಾಗ ಅದು. ನೆಲದ ನಕ್ಷೆ ಮಾಡುವವರಿಗೆ ಅದು ನೀರು, ಕಡಲಿನ ನಕ್ಷೆ ಮಾಡುವವರಿಗೆ ಹಡಗು ಹೋಗದ ಅಂಚು. ಸಾವಿರಾರು ಕುಟುಂಬಗಳ ಅನ್ನದ ಜಾಗ ಎರಡೂ ನಕ್ಷೆಗಳ ಅಂಚಿನಲ್ಲಿ ಬಿಳಿಯಾಗಿ ಉಳಿದಿರುವುದನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ.

ಭದ್ರತೆಯ ಮಾತು ಬಂದೇ ಬರುತ್ತದೆ. 2008ರ ನವೆಂಬರಿನಲ್ಲಿ ಮುಂಬೈಗೆ ದಾಳಿಕೋರರು ಬಂದದ್ದು ಕಡಲಿನಿಂದ, ಅದೂ ಅಪಹರಿಸಿದ ಮೀನುಗಾರಿಕೆ ದೋಣಿಯಲ್ಲಿ. ಆ ಎಚ್ಚರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಾನೂನು ಆಗಲೇ ಬಹಳ ಮುಂದೆ ಬಂದಿದೆ. 2012ರಲ್ಲಿ ರಾಷ್ಟ್ರೀಯ ದತ್ತಾಂಶ ಹಂಚಿಕೆ ನೀತಿ ಬಂತು. 2021ರ ಫೆಬ್ರವರಿಯಲ್ಲಿ ಹೊರಟ ಜಿಯೋಸ್ಪೇಷಿಯಲ್ ಮಾರ್ಗಸೂಚಿಗಳು ಭಾರತೀಯರು ನಕ್ಷೆ ಮಾಡಲು ಮುಂಗಡ ಅನುಮತಿ ಬೇಕೆಂಬುದನ್ನೇ ತೆಗೆದುಹಾಕಿದವು. ನಿಖರತೆಗೆ ಒಂದು ಮಿತಿ ಹಾಕಿದರು. ನೆಲದ ಮೇಲೆ ಅಡ್ಡಕ್ಕೆ ಒಂದು ಮೀಟರ್, ಎತ್ತರಕ್ಕೆ ಮೂರು ಮೀಟರ್. ಕಡಲಿನ ಆಳಕ್ಕೆ ತೀರದಿಂದ 500 ಮೀಟರ್‌ವರೆಗೆ ಹತ್ತು ಮೀಟರ್, ಅದರಾಚೆ ನೂರು ಮೀಟರ್. ಅದಕ್ಕಿಂತ ನಿಖರವಾದದ್ದು ಭಾರತೀಯರ ಕೈಯಲ್ಲಿ, ಭಾರತದಲ್ಲೇ ಇರಬೇಕು ಅಷ್ಟೆ. ಸಾರ್ವಜನಿಕ ಹಣದಲ್ಲಿ ತಯಾರಾದ ದತ್ತಾಂಶ, ಗೋಪ್ಯವೆಂದು ವರ್ಗೀಕರಿಸಿದ್ದನ್ನು ಬಿಟ್ಟು, ಭಾರತೀಯರಿಗೆಲ್ಲ ಸಿಗಬೇಕೆಂದೂ ಅದರಲ್ಲಿದೆ. ಹಾಗಿದ್ದೂ ಅಳಿವೆಯ ಬಾಯಿಯ ಆಳ ಕೇಳಿ ಅರ್ಜಿ ಹಾಕಿದವಳಿಗೆ ಕಚೇರಿಯೊಂದರಿಂದ ಬಂದ ಉತ್ತರ: ಯಾವ ಉದ್ದೇಶಕ್ಕೆ ಎಂದು ಮೇಲಧಿಕಾರಿಯ ಮೂಲಕ ಬರೆಯಿರಿ. ನನಗೆ ಮೇಲಧಿಕಾರಿ ಇಲ್ಲ. ಮರಳು ತುಂಬಿದ ಅಳಿವೆಯಲ್ಲಿ ಬೋಟು ಮಗುಚುತ್ತದೆ ಎಂಬುದು ನನ್ನ ಉದ್ದೇಶ.

ಕೊನೆಗೆ ಸಿಗುವುದು ಜೆಬ್ಕೊ. ಜಗತ್ತಿನ ಎಲ್ಲ ಸಾಗರಗಳ ಆಳವನ್ನು ಉಚಿತವಾಗಿ ಕೊಡುವ ಮಹಾನ್ ಕೆಲಸ ಅದು, ಕೃತಜ್ಞತೆಯಿಂದಲೇ ಬಳಸುತ್ತೇನೆ. ಆದರೆ ಅದರ ಒಂದು ಚೌಕ ಸುಮಾರು 450 ಮೀಟರ್. ಹನ್ನೆರಡು ನಾಟಿಕಲ್ ಮೈಲಿನ ನಮ್ಮ ಪ್ರಾದೇಶಿಕ ಜಲ ಅಡ್ಡಕ್ಕೆ ಐವತ್ತು ಚೌಕದಲ್ಲಿ ಮುಗಿದುಹೋಗುತ್ತದೆ. ಅಳಿವೆಯ ಬಾಯಿ ಅದರಲ್ಲಿ ಇಲ್ಲವೇ ಇಲ್ಲ.

ನಮ್ಮ ದೇಶದಲ್ಲಿ ಇದನ್ನು ಚೆನ್ನಾಗಿ ಮಾಡಿದವರೂ ಇದ್ದಾರೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹಗಳಿಂದ ಕಡಲಿನ ಮೇಲ್ಮೈ ಬಿಸಿ ಮತ್ತು ಪಾಚಿಯ ಹಸಿರಿನ ಪ್ರಮಾಣ ನೋಡಿ, ಬಿಸಿನೀರು-ತಣ್ಣೀರು ಕೂಡುವ ಗೆರೆಗಳನ್ನು ಗುರುತಿಸಿ, ಮೀನು ಸೇರುವ ಸಾಧ್ಯತೆ ಇರುವ ಜಾಗಗಳ ಸೂಚನೆ ಕೊಡುತ್ತದೆ. ಮೋಡ ಮುಚ್ಚಿದರೆ ಇಲ್ಲ, ಮಳೆಗಾಲದ ರಜೆಯಲ್ಲಿ ಇಲ್ಲ. ನನಗೆ ಅದರಲ್ಲಿ ಇಷ್ಟವಾಗುವುದು ಹೇಳುವ ಕ್ರಮ. ನಿಮ್ಮ ಬಂದರಿನಿಂದ ಯಾವ ದಿಕ್ಕು, ಎಷ್ಟು ದೂರ, ಎಷ್ಟು ಆಳ, ಜಿಪಿಎಸ್‌ಗೆ ಹಾಕಲು ಅಕ್ಷಾಂಶ-ರೇಖಾಂಶ, ಅದೂ ಕನ್ನಡದಲ್ಲಿ. ಅಣ್ಣ ಅದನ್ನು ಓದಿ, ತನ್ನ ಲೆಕ್ಕದಲ್ಲಿ ಮಾರುಗಳಿಗೆ ಬದಲಾಯಿಸಿಕೊಂಡು, ನಂಬುವುದೋ ಬಿಡುವುದೋ ತಾನೇ ನಿರ್ಧರಿಸುತ್ತಾನೆ. ಎಷ್ಟೋ ಸಲ ಬಿಡುತ್ತಾನೆ. ತಳ್ಳಿಹಾಕಲು ಬರುವಂತೆ ಕೊಟ್ಟಿರುವುದರಿಂದಲೇ ಅದು ಅವನ ಕೈಯಲ್ಲಿರುವ ಮಾಹಿತಿ ಎನ್ನುತ್ತೇನೆ.

ಹಂಚಿಕೆ ಒಂದೇ ದಿಕ್ಕಿನದಲ್ಲ. ಅಣ್ಣನ ಜಿಪಿಎಸ್‌ನಲ್ಲಿ ನೂರಾರು "ಪಾಯಿಂಟ್"ಗಳಿವೆ: ಬಲೆ ಹರಿಯುವ ಕಲ್ಲು, ಮುಳುಗಿದ ಹಳೆಯ ಹಡಗು, ಯಾವ ಹುಣ್ಣಿಮೆಗೆ ಎಲ್ಲಿ ಬಂಗುಡೆ ಎಂಬ ನೆನಪು. ಯಾವ ಚಾರ್ಟಿನಲ್ಲೂ ಇಲ್ಲದ ಕಡಲು ಅದು. ವಿಜ್ಞಾನಿಗಳು ಆಸೆಯಿಂದ ಕೇಳುತ್ತಾರೆ. ಅವನು ತನ್ನ ಪಕ್ಕದ ಬೋಟಿನವನಿಗೇ ಕೊಡುವುದಿಲ್ಲ. ಅವನದು ಸರಿ ಎಂದೇ ನನ್ನ ಅಭಿಪ್ರಾಯ. ನಾಡದೋಣಿಯವನ ಪಾಯಿಂಟ್ ಹೊರಬಿದ್ದ ಮರುವಾರ ಅಲ್ಲಿ ಮೀನು ಸೆಳೆಯುವ ಲೈಟ್ ಹಾಕಿಕೊಂಡು ದೊಡ್ಡ ಬೋಟುಗಳು ನಿಂತಿರುತ್ತವೆ. ಹಾಗಾಗಿ "ಎಲ್ಲವೂ ಎಲ್ಲರಿಗೂ ತೆರೆದಿರಲಿ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸರ್ಕಾರದ ಗೆರೆ ತೆರೆದಿರಲಿ. ಮೀನುಗಾರನ ಪಾಯಿಂಟ್ ಅವನ ಮಾತಿನಂತೆ ಇರಲಿ.

2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ "ಸುವರ್ಣ ತ್ರಿಭುಜ" ಎಂಬ ಬೋಟು ಏಳು ಮೀನುಗಾರರ ಸಮೇತ ಕಾಣೆಯಾಯಿತು. ಅದರ ಅವಶೇಷ ನೌಕಾಪಡೆಗೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣ್ ಕಡೆಯ ಕಡಲತಳದಲ್ಲಿ. ಆ ತಿಂಗಳುಗಳಲ್ಲಿ ನಮ್ಮ ಕರಾವಳಿಯ ಮನೆಗಳು ಹೇಗಿದ್ದವು ಎಂದು ನೋಡಿದವರಿಗೆ, ಬೋಟು ಎಲ್ಲಿದೆ ಎಂದು ತೋರಿಸುವ ಯಂತ್ರ ಬೇಡ ಎನ್ನಲು ಬಾಯಿ ಬರುವುದಿಲ್ಲ. 2024ರ ಆಗಸ್ಟ್ 30ರಂದು ಪಾಲ್ಘರ್‌ನಲ್ಲಿ ಪ್ರಧಾನಿ ಚಾಲನೆ ಕೊಟ್ಟ ಯೋಜನೆಯಲ್ಲಿ ದೇಶದ ಒಂದು ಲಕ್ಷ ದೋಣಿಗಳಿಗೆ ಟ್ರಾನ್ಸ್‌ಪಾಂಡರ್ ಅಳವಡಿಸಬೇಕು. ಅಣ್ಣ ಕೇಳಿದ್ದು ಎರಡೇ: ತೂಫಾನಿನಲ್ಲಿ ಅದು ನನ್ನನ್ನು ಉಳಿಸುತ್ತದೆಯೇ? ನಾನು ಎಲ್ಲಿ ಬಲೆ ಬಿಟ್ಟೆ ಎಂದು ಯಾರಿಗೆ ಗೊತ್ತಾಗುತ್ತದೆ? ಮೊದಲನೆಯದಕ್ಕೆ ಎಲ್ಲರೂ ಉತ್ತರಿಸುತ್ತಾರೆ. ಎರಡನೆಯದಕ್ಕೆ ಬರವಣಿಗೆಯಲ್ಲಿ, ಕನ್ನಡದಲ್ಲಿ, ಬಂದರಿನ ಗೋಡೆಯ ಮೇಲೆ ಉತ್ತರ ಬೇಕು: ಯಾರು ನೋಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಯಾರಿಗೆ ಕೊಡುವುದಿಲ್ಲ.

ಸದ್ಯ ನಾನು ಮಾಡುತ್ತಿರುವುದು ಚಿಕ್ಕ ಕೆಲಸ. ಕೋಡಿಯಿಂದ ಮರವಂತೆವರೆಗೆ ದೋಣಿ ಎಳೆದಿಡುವ ಜಾಗ, ಬಲೆ ಹರಡುವ ಜಾಗ, ಮೀನು ಒಣಗಿಸುವ ಮರಳು, ರಂಪಣಿ ಬಲೆ ಎಳೆಯುತ್ತಿದ್ದ ತೀರ, ಇವನ್ನು ಊರಿನವರ ಜೊತೆ ನಡೆದು ಗುರುತು ಮಾಡಿ ಒಂದು ಲೇಯರ್ ಮಾಡುತ್ತಿದ್ದೇನೆ. ಇವು ಯಾರ ಹೆಸರಿನ ಪಹಣಿಯಲ್ಲೂ ಇಲ್ಲ, ಹಾಗಾಗಿ ರಸ್ತೆ, ರೆಸಾರ್ಟ್, ತಡೆಗೋಡೆ ಬಂದಾಗ ಮೊದಲು ಮಾಯವಾಗುವುದು ಇವೇ. ಪ್ರತಿ ಗುರುತಿನ ಜೊತೆ ಅಳೆದ ದಿನ, ಉಬ್ಬರವೋ ಇಳಿತವೋ, ಯಾವ ಸಾಧನದಿಂದ, ಯಾರ ಜೊತೆ ನಡೆದೆವು (ಹೆಸರಲ್ಲ, ಯಾವ ಕೇರಿಯವರು) ಎಂದು ಬರೆದಿಡುತ್ತಿದ್ದೇನೆ. ಮುಗಿದ ಭಾಗವನ್ನು ಪಂಚಾಯತಿಗೂ ಮೀನುಗಾರರ ಸಂಘಕ್ಕೂ ಪಿಡಿಎಫ್ ಆಗಿ ಅಲ್ಲದೆ ಲೇಯರ್ ಆಗಿಯೇ ಕೊಡುತ್ತೇನೆ, ತೆರೆದು ತಿದ್ದುವುದನ್ನು ಇಬ್ಬರು ಹುಡುಗಿಯರಿಗೆ ಕಲಿಸಿಯೂ ಆಗಿದೆ.

ನಿಮ್ಮ ಊರಿನ ತೀರ ಇದರಲ್ಲಿ ಬರಬೇಕೆಂದಿದ್ದರೆ ಕಮೆಂಟಿನಲ್ಲಿ ಊರಿನ ಹೆಸರು ಮಾತ್ರ ಬರೆಯಿರಿ. ಕಡಲೊಳಗಿನ ಪಾಯಿಂಟುಗಳನ್ನು, ಕಲ್ಲುಗಳ ಅಕ್ಷಾಂಶ-ರೇಖಾಂಶವನ್ನು ಇಲ್ಲಿ ಹಾಕಬೇಡಿ, ನನಗೆ ವಾಟ್ಸ್‌ಆ್ಯಪ್ ಕೂಡ ಮಾಡಬೇಡಿ. ಮೊದಲು ನಿಮ್ಮ ಸಂಘದಲ್ಲಿ ಕೂತು ಏನನ್ನು ಗುರುತು ಮಾಡಬಹುದು, ಏನನ್ನು ಕೂಡದು ಎಂದು ಮಾತಾಡಿಕೊಳ್ಳಿ. ಜೂನ್, ಜುಲೈ ಬೋಟು ರಜೆ ಇದೆ, ಆಗ ನಾನೇ ಬರುತ್ತೇನೆ.