ಮಳೆಗಾಲ, ಅಂಗನವಾಡಿ ಮತ್ತು ನಮ್ಮ ಆರೋಗ್ಯ

8 ಜುಲೈ 2025, ಮಂಗಳವಾರ
ತೀರ್ಥಹಳ್ಳಿ ಹತ್ತಿರದ ಹಳ್ಳಿ

ಬೆಳಿಗ್ಗೆ ಮಕ್ಕಳ ಕೈ ತೊಳೆಸುವಾಗ ಒಬ್ಬ ಹುಡುಗನ ಅಂಗೈಯಲ್ಲಿ ಕೆಂಪು ಗುಳ್ಳೆ ಕಂಡವು. ಅಂಗಾಲು ನೋಡಿದೆ, ಅಲ್ಲೂ ಇದ್ದವು. ಬಾಯಿ ತೆರೆಸಿದರೆ ನಾಲಿಗೆ ಪಕ್ಕದಲ್ಲಿ ಹುಣ್ಣು. ಕೈ ಕಾಲು ಬಾಯಿ ರೋಗ. 2022ರಲ್ಲಿ ಕೇರಳದಿಂದ ಟೊಮ್ಯಾಟೊ ಜ್ವರ ಅಂತ ಸುದ್ದಿ ಬಂದಾಗಿನಿಂದ ನಮ್ಮ ಕಡೆ ಗುಳ್ಳೆ ಕಂಡರೆ ಸಾಕು, ಎಲ್ಲರೂ ಅದೇ ಹೆಸರು ಹೇಳುತ್ತಾರೆ.

"ಟೀಚರ್, ಗದ್ದೆ ನೆಟ್ಟಿ ಶುರುವಾಗಿದೆ, ಮನೇಲಿ ನೋಡ್ಕೊಳ್ಳೋಕೆ ಯಾರೂ ಇಲ್ಲ" ಅಂದರು ಅವನ ಅಮ್ಮ. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? ವಾರವಿಡೀ ಮನೆಯಲ್ಲಿ ಕೂತರೆ ಅಷ್ಟೂ ದಿನದ ಕೂಲಿ ಹೋಯಿತು. ಆದರೆ ಈ ರೋಗ ಜಾಸ್ತಿ ಹರಡುವುದು ಮೊದಲ ವಾರದಲ್ಲೇ, ಇಟ್ಟುಕೊಳ್ಳುವ ಹಾಗಿರಲಿಲ್ಲ. ಕೊನೆಗೆ ಪಕ್ಕದ ಮನೆ ಅಜ್ಜಿ ನೋಡಿಕೊಳ್ಳಲು ಒಪ್ಪಿದರು. ಬಾಯಿ ಉರಿಯುತ್ತದೆ ಅಂತ ಮಗು ನೀರು ಕುಡಿಯುವುದನ್ನೇ ಬಿಟ್ಟರೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಉಳಿದಂತೆ ತಣ್ಣಗಿನ ಗಂಜಿ, ಮಜ್ಜಿಗೆ ಕೊಡಿ ಅಂತ ಹೇಳಿ ಕಳಿಸಿದೆ.

ಅವನು ಹೋದ ಮೇಲೆ ನಮ್ಮ ಸಹಾಯಕಿ ಅಕ್ಕ ಕೊರೊನಾ ಕಾಲದಿಂದ ಉಳಿದಿದ್ದ ಸ್ಯಾನಿಟೈಸರ್ ಬಾಟಲಿ ತಂದಿಟ್ಟರು. ಇದೊಂದು ವಿಷಯ ಮಕ್ಕಳ ಜೊತೆ ಕೆಲಸ ಮಾಡುವ ಎಲ್ಲರಿಗೂ ಗೊತ್ತಿರಬೇಕು. ಕೊರೊನಾ ವೈರಸ್ಸಿಗೆ ಕೊಬ್ಬಿನ ಹೊದಿಕೆ ಇರುತ್ತದೆ, ಸ್ಯಾನಿಟೈಸರ್‌ನಲ್ಲಿರುವ ಆಲ್ಕೋಹಾಲ್ ಅದನ್ನು ಒಡೆಯುತ್ತದೆ. ಈ ಗುಳ್ಳೆಯ ವೈರಸ್ಸಿಗೂ ಮಕ್ಕಳ ವಾಂತಿಭೇದಿಗೆ ಕಾರಣವಾಗುವ ಕೆಲವು ವೈರಸ್‌ಗಳಿಗೂ ಆ ಹೊದಿಕೆಯೇ ಇಲ್ಲ. ಹಾಗಾಗಿ ಸ್ಯಾನಿಟೈಸರ್ ನಂಬಿ ಕೂರುವ ಹಾಗಿಲ್ಲ, ಸೋಪು ಹಚ್ಚಿ ಇಪ್ಪತ್ತು ಸೆಕೆಂಡ್ ಉಜ್ಜಿ ಹರಿಯುವ ನೀರಿನಲ್ಲಿ ತೊಳೆಯಬೇಕು. ಗುಳ್ಳೆ ಒಣಗಿ ಮಗು ಚೆನ್ನಾಗಿ ಓಡಾಡುತ್ತಿದ್ದರೂ ಮಲದಲ್ಲಿ ವಾರಗಟ್ಟಲೆ ವೈರಸ್ ಇರುತ್ತದೆ. ಮಕ್ಕಳ ಕುಂಡಿ ತೊಳೆಸಿ ಬಂದ ಕೈಯಲ್ಲೇ ಮಧ್ಯಾಹ್ನದ ಅನ್ನ ಬಡಿಸುವವರು ನಾವೇ ಅಲ್ವಾ? ಅದಕ್ಕೇ ನಮ್ಮಲ್ಲಿ ಬಚ್ಚಲ ಹತ್ತಿರ ಒಂದು ಸೋಪು, ಅಡುಗೆ ಮೂಲೆಯಲ್ಲಿ ಇನ್ನೊಂದು.

ಇನ್ನು ಸೆರಗು. ಮಗುವಿನ ಮೂಗು ಸೋರಿದರೆ ಕೈ ತಾನಾಗಿಯೇ ಸೆರಗಿಗೆ ಹೋಗುತ್ತದೆ, ಅದೇ ಸೆರಗಿನಲ್ಲಿ ನಮ್ಮ ಮುಖದ ಬೆವರನ್ನೂ ಒರೆಸಿಕೊಳ್ಳುತ್ತೇವೆ. ಈಗ ಹಳೆ ಕಾಟನ್ ಸೀರೆ ಹರಿದು ಚೌಕ ಮಾಡಿ ಇಟ್ಟಿದ್ದೇನೆ. ಒಂದು ಮೂಗಿಗೆ ಒಂದು ತುಂಡು, ಸಂಜೆ ಎಲ್ಲವನ್ನೂ ಬಿಸಿನೀರಿಗೆ ಹಾಕಿ ಕುದಿಸುತ್ತೇವೆ. ಮಳೆಯಲ್ಲಿ ಅವು ಒಣಗುವುದೇ ಕಷ್ಟ, ಒಲೆ ಮೇಲೆ ಹಗ್ಗ ಕಟ್ಟಿದ್ದೇವೆ. ಮನೆಗೆ ಹೋದ ಕೂಡಲೇ ಸೀರೆ ಬದಲಿಸುತ್ತೇನೆ, ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ.

ನನಗೆ ನಿಜವಾಗಿ ಭಯ ಇರುವುದು ಅಮ್ಮ ಬರುವುದರ ಬಗ್ಗೆ, ಅದೇ ಚಿಕನ್ ಪಾಕ್ಸ್. ಮಕ್ಕಳಿಗೆ ಸಾಮಾನ್ಯವಾಗಿ ಹಗುರಾಗಿ ಹೋಗುತ್ತದೆ, ದೊಡ್ಡವರಿಗೆ ಬಂದರೆ ನ್ಯುಮೋನಿಯಾದವರೆಗೂ ಹೋಗಬಹುದು, ಬಸುರಿಯರಿಗಂತೂ ಇನ್ನೂ ಅಪಾಯ. ಗುಳ್ಳೆ ಕಾಣುವ ಒಂದೆರಡು ದಿನ ಮೊದಲೇ ಅದು ಹರಡಲು ಶುರುವಾಗಿರುತ್ತದೆ, ಆದ್ದರಿಂದ ಎಷ್ಟೇ ಎಚ್ಚರ ಇದ್ದರೂ ತಡೆಯುವುದು ಕಷ್ಟ. ಲಸಿಕೆ ಇದೆ, ಆದರೆ ಸರ್ಕಾರದ ಉಚಿತ ಲಸಿಕೆ ಪಟ್ಟಿಯಲ್ಲಿ ಇಲ್ಲ. ನಮ್ಮ ಸಹಾಯಕಿ ಅಕ್ಕನಿಗೆ ಚಿಕ್ಕಂದಿನಲ್ಲಿ ಅದು ಬಂದೇ ಇಲ್ಲ. ಅವರ ಗೌರವಧನದಲ್ಲಿ ಖಾಸಗಿಯಾಗಿ ಎರಡು ಡೋಸ್ ಹಾಕಿಸಿಕೊಳ್ಳಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಗಂಟಲಿನ ಬಗ್ಗೆಯೂ ಬರೆಯಬೇಕು. ಹೆಂಚಿನ ಮೇಲೆ ಮಳೆ ಬೀಳುವಾಗ ಮಕ್ಕಳಿಗೆ ಕೇಳಲಿ ಅಂತ ಕೂಗಿದರೆ ಸಂಜೆಗೆ ಸ್ವರ ಹೋಗಿರುತ್ತದೆ. ಈಗ ಕೂಗುವುದು ಬಿಟ್ಟು ತಾಳ ಹಾಕುತ್ತೇನೆ, ಮಕ್ಕಳು ತಾವೂ ಚಪ್ಪಾಳೆ ತಟ್ಟುತ್ತಾ ಹತ್ತಿರ ಬರುತ್ತಾರೆ. ಗಂಟಲಿಗೆ ನೀರು ಬೇಕೇ ಬೇಕು, ಆದರೆ ನಮ್ಮಲ್ಲಿ ಎಷ್ಟೋ ಟೀಚರ್‌ಗಳು ಬೆಳಿಗ್ಗೆಯಿಂದ ಸಂಜೆವರೆಗೆ ಬೇಕಂತಲೇ ನೀರು ಕುಡಿಯುವುದಿಲ್ಲ. ಕಾರಣ ಹೇಳಬೇಕಾ? ಇರುವುದು ಮಕ್ಕಳ ಅಳತೆಯ ಶೌಚಾಲಯ, ಕೆಲವು ಕಡೆ ಅದಕ್ಕೂ ಬಾಗಿಲಿಲ್ಲ, ಮಕ್ಕಳನ್ನು ಬಿಟ್ಟು ಹೋಗಲೂ ಆಗುವುದಿಲ್ಲ. ಆಮೇಲೆ ಉರಿಮೂತ್ರ, ಜ್ವರ, ಮಾತ್ರೆ. ಇದನ್ನು ಸಭೆಯಲ್ಲಿ ಹೇಳಲು ನಾಚಿಕೆ ಪಟ್ಟುಕೊಂಡು ನಾವೇ ಮುಚ್ಚಿಡುತ್ತೇವೆ. ನಾನು ಮತ್ತು ಅಕ್ಕ ಸರದಿ ಮಾಡಿಕೊಂಡಿದ್ದೇವೆ. ಹಾಲು ಕೊಟ್ಟ ಮೇಲೆ ಒಬ್ಬರು, ಊಟ ಆದ ಮೇಲೆ ಇನ್ನೊಬ್ಬರು, ಎದುರು ಮನೆಗೆ ಹೋಗಿ ಬರುವುದು.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ತಲೆಯಿಂದ ಕಾಲಿನವರೆಗೆ ನೋಡಬೇಕು ಅಂತ ಇದೆ, ಒಳ್ಳೆಯ ಕೆಲಸ ಅದು. ವೈದ್ಯರು ಬಂದ ದಿನವೇ ನಮ್ಮ ರಕ್ತದೊತ್ತಡ, ಹಿಮೋಗ್ಲೋಬಿನ್ ಕೂಡ ನೋಡಿದರೆ ಹೆಚ್ಚು ಹೊತ್ತೇನೂ ಬೇಕಾಗುವುದಿಲ್ಲ. ಮುಂದಿನ ಸಭೆಯಲ್ಲಿ ಮೇಲ್ವಿಚಾರಕಿ ಮೇಡಂಗೆ ಇದನ್ನೂ ಶೌಚಾಲಯದ ಬಾಗಿಲನ್ನೂ ಬರವಣಿಗೆಯಲ್ಲೇ ಕೊಡುತ್ತೇನೆ. ನಿಮ್ಮ ಕೇಂದ್ರದಲ್ಲೂ ಹೀಗೇ ಇದ್ದರೆ ನೀವೂ ಬರೆದುಕೊಡಿ.