ಬಿಚ್ಚುವ ಮೊದಲು ಓದುವುದು: ಹಳೆಯ ಮಸ್ಟ್ಯಾಂಗ್‌ಗಳ ನಡುವಿನ ಕೆಲಸ

ಹಳೆಯ ಅಮೆರಿಕನ್ ಕಾರುಗಳನ್ನು ಮೂಲಸ್ಥಿತಿಗೆ ತರುವ ಮಿಷಿಗನ್ ರಾಜ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ನಾನು ಕೆಲಸ ಮಾಡುತ್ತಿದ್ದೇನೆ. ನಮ್ಮಲ್ಲಿಗೆ ಬರುವವುಗಳಲ್ಲಿ ಹೆಚ್ಚಿನವು 1965 ಮತ್ತು 1966ರ ಫೋರ್ಡ್ ಮಸ್ಟ್ಯಾಂಗ್‌ಗಳು. 1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವ ಮೇಳದಲ್ಲಿ 2,368 ಡಾಲರ್‌ಗಳ ಆರಂಭಿಕ ಬೆಲೆಗೆ ಬಿಡುಗಡೆಯಾದ ಈ ಕಾರು ಮೊದಲ ಹನ್ನೆರಡು ತಿಂಗಳಲ್ಲೇ ನಾಲ್ಕು ಲಕ್ಷಕ್ಕಿಂತ ಹೆಚ್ಚು ಮಾರಾಟವಾಯಿತು. ಎರಡು ವರ್ಷ ತುಂಬುವ ಮೊದಲೇ ಹತ್ತು ಲಕ್ಷದ ಗಡಿ ಮುಟ್ಟಿತು. ಅಷ್ಟು ತಯಾರಾದದ್ದರಿಂದ ಇಂದಿಗೂ ಉಳಿದಿರುವವು ಬಹಳ, ಅವುಗಳಿಗೆ ಹೊಸ ಬಿಡಿಭಾಗ ಮಾಡಿ ಮಾರುವವರೂ ಬಹಳ. ಬಾಗಿಲು, ಬಾನೆಟ್ಟು, ಡಿಕ್ಕಿಯ ಮುಚ್ಚಳ, ಸೀಟಿನ ಹೊದಿಕೆ, ಕೆಲವು ಮಾದರಿಗಳಿಗೆ ಇಡೀ ಬಾಡಿಯೇ ಹೊಸದಾಗಿ ಸಿಗುತ್ತದೆ. ಈ ಕೆಲಸಕ್ಕೆ ಹೊಸದಾಗಿ ಬರುವವರ ದಾರಿ ತಪ್ಪಿಸುವುದು ಈ ಸಮೃದ್ಧಿಯೇ. ಎಲ್ಲವೂ ಸಿಗುತ್ತದೆ ಎಂದಾದಾಗ ಕೈ ನೇರವಾಗಿ ಸ್ಪ್ಯಾನರಿಗೆ ಹೋಗುತ್ತದೆ. ನಮ್ಮ ವರ್ಕ್‌ಶಾಪಿನಲ್ಲಿ ಮಾತ್ರ ಕಾರು ಒಳಗೆ ಬಂದ ಮೇಲೆ ಮೊದಲು ಟಾರ್ಚು, ಅಯಸ್ಕಾಂತ, ಕ್ಯಾಮೆರಾ ಮತ್ತು ನೋಟ್‌ಬುಕ್ಕಿನ ಸರದಿ. ಉಪಕರಣಗಳ ಪೆಟ್ಟಿಗೆ ತೆರೆಯುವುದು ಅವುಗಳ ಕೆಲಸ ಮುಗಿದ ಮೇಲೆಯೇ.

ಸಂಖ್ಯೆಗಳಿಂದ ಓದು ಆರಂಭವಾಗುತ್ತದೆ. 1965ರ ಮಸ್ಟ್ಯಾಂಗಿನ ಗುರುತಿನ ಸಂಖ್ಯೆಯಲ್ಲಿ ಮೊದಲ ಅಂಕಿ 5 ಮಾದರಿ ವರ್ಷವನ್ನು ಹೇಳುತ್ತದೆ. ಅದರ ಪಕ್ಕದ ಅಕ್ಷರ ಕಾರ್ಖಾನೆಯದು: ಎಫ್ ಇದ್ದರೆ ಮಿಷಿಗನ್ನಿನ ಡಿಯರ್‌ಬಾರ್ನ್, ಆರ್ ಇದ್ದರೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ, ಟಿ ಇದ್ದರೆ ನ್ಯೂಜೆರ್ಸಿಯ ಮೆಟಚನ್. ಆಮೇಲಿನ ಎರಡು ಅಂಕಿಗಳು ಬಾಡಿಯ ವಿಧದವು: 07 ಗಟ್ಟಿ ಮಾಡಿನ ಹಾರ್ಡ್‌ಟಾಪ್, 08 ಮಾಡು ಮಡಚುವ ಕನ್ವರ್ಟಿಬಲ್, 09 ಮಾಡು ಹಿಂದಕ್ಕೆ ಇಳಿಜಾರಾಗಿರುವ ಫಾಸ್ಟ್‌ಬ್ಯಾಕ್. ಮುಂದಿನ ಅಕ್ಷರ ಎಂಜಿನ್ನಿನದು. ಸಿ, ಎ, ಕೆ ಮೂರೂ 289 ಘನ ಅಂಗುಲದ, ಅಂದರೆ 4.7 ಲೀಟರಿನ ವಿ8 ಎಂಜಿನ್ನುಗಳೇ, ಆದರೆ ಶಕ್ತಿ ಕ್ರಮವಾಗಿ 200, 225 ಮತ್ತು 271 ಅಶ್ವಶಕ್ತಿ. ಕೆ ಅಕ್ಷರದ ಕಾರಿಗೆ ಮಾರುಕಟ್ಟೆಯಲ್ಲಿ ಬೆಲೆ ಬಹಳ ಹೆಚ್ಚು. ಚಾಲಕನ ಬಾಗಿಲಿಗೆ ರಿವೆಟ್ ಹೊಡೆದಿರುವ ತಗಡಿನ ಫಲಕವನ್ನು ಯಾರು ಬೇಕಾದರೂ ಹೊಸದಾಗಿ ಮಾಡಿಸಬಹುದಾದ್ದರಿಂದ, ನಾವು ಫಲಕವನ್ನು ನಂಬಿ ಕೂರದೆ ಎಂಜಿನ್ ಕೋಣೆಯ ಪಕ್ಕದ ಗೋಡೆಗೆ ಕಾರ್ಖಾನೆಯಲ್ಲೇ ಒತ್ತಿದ ಸಂಖ್ಯೆಯೊಂದಿಗೆ ಅದನ್ನು ಹೋಲಿಸಿ ನೋಡುತ್ತೇವೆ. ಬಳಿಕ ಎರಕದ ಭಾಗಗಳ ಮೇಲಿನ ದಿನಾಂಕ. ಎಂಜಿನ್ನಿನ ಮುಖ್ಯ ಎರಕವಾದ ಬ್ಲಾಕಿನ ಮೇಲೆ 5ಸಿ12 ಎಂದಿದ್ದರೆ ಅದನ್ನು ಎರಕ ಹೊಯ್ದದ್ದು 1965ರ ಮಾರ್ಚ್ 12ರಂದು. ಕಾರು ತಯಾರಾದ ದಿನ ಅದಕ್ಕಿಂತ ಹಿಂದಿನದಾಗಿದ್ದರೆ, ಆ ಎಂಜಿನ್ ಆ ಕಾರಿನೊಂದಿಗೆ ಹುಟ್ಟಿದ್ದಲ್ಲ. ಮಾಲೀಕರಿಗೆ ಇದನ್ನು ತಿಳಿಸುವುದು ಹಿತವಾದ ಕೆಲಸವಲ್ಲ, ಆದರೆ ಸಾವಿರಾರು ಡಾಲರ್ ಖರ್ಚಾದ ಮೇಲೆ ತಿಳಿಸುವುದಕ್ಕಿಂತ ಮೊದಲೇ ತಿಳಿಸುವುದು ಲೇಸು.

ಎರಡನೆಯ ಓದು ತಗಡಿನದು. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಈ ಪ್ರದೇಶದಲ್ಲಿ ಓಡಿದ ಕಾರುಗಳಿಗೆ ತುಕ್ಕು ಮುಖ್ಯ ಶತ್ರು. ಅಯಸ್ಕಾಂತ ಹಿಡಿಯದ ಕಡೆ ದಪ್ಪನೆಯ ಪುಟ್ಟಿ ಇದೆ ಎಂದು ಅರ್ಥ. ಹೊರಗಿನ ತುಕ್ಕಾದರೂ ಕಣ್ಣಿಗೆ ಕಾಣುತ್ತದೆ. ಮಸ್ಟ್ಯಾಂಗಿನ ನಿಜವಾದ ತೊಂದರೆ ಇರುವುದು ವಿಂಡ್‌ಶೀಲ್ಡಿನ ಬುಡದಲ್ಲಿ, ಹೊರಗಿನ ಗಾಳಿ ಒಳಗೆ ಬರಲೆಂದು ಸೀಳುಗಳನ್ನು ಬಿಟ್ಟಿರುವ ಅಡ್ಡ ಪೆಟ್ಟಿಗೆಯಲ್ಲಿ. ಇಲ್ಲಿನವರು ಅದನ್ನು ಕೌಲ್ ಎನ್ನುತ್ತಾರೆ. ಆ ಸೀಳುಗಳಿಂದ ಗಾಳಿಯಷ್ಟೇ ಅಲ್ಲ, ಮಳೆನೀರೂ ಇಳಿಯುತ್ತದೆ. ನೀರು ಪಕ್ಕಕ್ಕೆ ಹರಿದುಹೋಗಿ, ಗಾಳಿ ಮಾತ್ರ ಕಾರಿನೊಳಗೆ ಬರಲಿ ಎಂದು ಒಳಗಿನ ರಂಧ್ರಗಳ ಸುತ್ತ ತಗಡಿನ ಎತ್ತರದ ಅಂಚು ಕಟ್ಟಿದ್ದಾರೆ. ಮರದಡಿ ನಿಂತ ಕಾರಿನಲ್ಲಿ ಎಲೆಗಳು ಅಲ್ಲಿ ಸೇರಿ ಕೊಳೆಯುತ್ತವೆ, ತೇವ ಆರುವುದಿಲ್ಲ, ಅಂಚು ಬುಡದಲ್ಲಿ ತುಕ್ಕು ಹಿಡಿದು ತೂತಾಗುತ್ತದೆ. ಅಲ್ಲಿಂದ ಮುಂದೆ ಪ್ರತಿ ಮಳೆಗೂ ನೀರು ಕಾರ್ಪೆಟ್ಟಿನ ಅಡಿ ಸೇರಿ ನೆಲದ ತಗಡನ್ನು ತಿನ್ನುತ್ತದೆ.

ಇದರ ಪರೀಕ್ಷೆಗೆ ಖರ್ಚೇನೂ ಇಲ್ಲ. ಒಬ್ಬರು ಡ್ಯಾಶ್‌ಬೋರ್ಡಿನ ಅಡಿ ಟಾರ್ಚು ಹಿಡಿದು ಮಲಗಬೇಕು, ಇನ್ನೊಬ್ಬರು ಹೊರಗಿನಿಂದ ಆ ಸೀಳುಗಳ ಮೇಲೆ ನೀರು ಬಿಡಬೇಕು. ದುರಸ್ತಿಗೆ ಮಾತ್ರ ಖರ್ಚು ಬಹಳ: ಮೇಲಿನ ತಗಡನ್ನು ಹಿಡಿದಿರುವ ಸಾಲು ಸಾಲು ಸ್ಪಾಟ್ ವೆಲ್ಡ್‌ಗಳನ್ನು ಒಂದೊಂದಾಗಿ ಡ್ರಿಲ್ ಮಾಡಿ ಬಿಡಿಸಬೇಕು, ಒಳಗಿನದನ್ನು ಬದಲಿಸಿ ಸೀಲ್ ಮಾಡಬೇಕು, ಮತ್ತೆ ಮುಚ್ಚಿ ವೆಲ್ಡ್ ಮಾಡಬೇಕು. ಮುಗಿದ ಮೇಲೆ ಈ ಕೆಲಸದ ಗುರುತೂ ಹೊರಗೆ ಕಾಣುವುದಿಲ್ಲ. ಆದ್ದರಿಂದಲೇ ಇದನ್ನು ಬಿಟ್ಟು ನೆಲವನ್ನಷ್ಟೇ ಹೊಸದು ಮಾಡಿ, ಹೊಳೆಯುವ ಬಣ್ಣ ಹೊಡೆದು ಮಾರಿದ ಕಾರುಗಳು ಕೆಲವು ಮಳೆಗಾಲ ಕಳೆದ ಮೇಲೆ ನಮ್ಮ ಬಾಗಿಲಿಗೆ ಬರುತ್ತವೆ. ಕೌಲ್ ಸರಿಯಾಗದೆ ನೆಲ ಮುಟ್ಟುವುದಿಲ್ಲ ಎಂಬುದು ನಮ್ಮಲ್ಲಿ ಚರ್ಚೆಗೆ ಅವಕಾಶವಿಲ್ಲದ ನಿಯಮ.

ನೆಲ ಕತ್ತರಿಸುವುದಕ್ಕೂ ಒಂದು ಕ್ರಮವಿದೆ. ಮಸ್ಟ್ಯಾಂಗಿಗೆ ಲಾರಿಗಿರುವಂತೆ ಪ್ರತ್ಯೇಕ ಚಾಸಿ ಇಲ್ಲ. ನೆಲ, ಬಾಗಿಲಡಿಯ ಪಟ್ಟಿ ಮತ್ತು ಮಾಡು ಸೇರಿಯೇ ಕಾರಿಗೆ ಬಿಗಿ. ಬಾಗಿಲಿನ ಚೌಕಟ್ಟಿಗೆ ಒಳಗಿನಿಂದ ಕಬ್ಬಿಣದ ಆಧಾರ ವೆಲ್ಡ್ ಮಾಡದೆ ನೆಲ ತೆಗೆದರೆ ಇಡೀ ಬಾಡಿ ನಡುವಿನಲ್ಲಿ ಬಾಗುತ್ತದೆ. ಮಾಡೇ ಇಲ್ಲದ ಕನ್ವರ್ಟಿಬಲ್‌ನಲ್ಲಿ ಈ ಅಪಾಯ ಇನ್ನೂ ಹೆಚ್ಚು. ಹೊಸ ನೆಲ ಹಾಕಿ ಮುಗಿಸಿದ ಮೇಲೆ ಬಾಗಿಲು ಮುಚ್ಚದಿದ್ದರೆ ಆಗ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ.

ಹೊಸ ಬಿಡಿಭಾಗಗಳ ಬಗ್ಗೆ ನನ್ನ ಅಭಿಪ್ರಾಯ ಇಲ್ಲಿನ ಕೆಲವು ಸಹೋದ್ಯೋಗಿಗಳಿಗಿಂತ ಬೇರೆ. ದಾವಣಗೆರೆಯ ಗ್ಯಾರೇಜುಗಳಲ್ಲಿ ಅಂಬಾಸಿಡರ್ ಮತ್ತು ಫಿಯೆಟ್‌ಗಳ ಟಿಂಕರಿಂಗ್ ನೋಡಿ ಬೆಳೆದ ನನಗೆ, ನೆಗ್ಗಿದ ಫೆಂಡರನ್ನು ಸುತ್ತಿಗೆ ಮತ್ತು ಡಾಲಿ (ತಗಡಿನ ಹಿಂದೆ ಒತ್ತಿ ಹಿಡಿಯುವ ಕಬ್ಬಿಣದ ಗಟ್ಟಿ) ಹಿಡಿದು ಮೊದಲಿನ ಆಕಾರಕ್ಕೆ ತರುವುದು ಸಹಜವೆನಿಸುತ್ತದೆ. ಇಲ್ಲಿ ಅದೇ ಫೆಂಡರ್ ಹೊಸದಾಗಿ ಬರುತ್ತದೆ, ಕೂಲಿಗಿಂತ ಅಗ್ಗವಾಗಿಯೇ ಬರುತ್ತದೆ. ಆದರೆ ಹೊಸದರ ಅಂಚು ಬಾಗಿಲಿನ ಅಂಚಿಗೆ ಸರಿಯಾಗಿ ಕೂರುವುದು ಅಪರೂಪ, ಮೈಯ ಗೆರೆ ಸಾಲು ತಪ್ಪುತ್ತದೆ, ಬೋಲ್ಟಿನ ತೂತು ಸ್ವಲ್ಪ ಆಚೀಚೆ ಆಗಿರುತ್ತದೆ. ಕಾರ್ಖಾನೆಯ ಹಳೆಯ ತಗಡು ಉಳಿಯುವಂತಿದ್ದರೆ ಅದನ್ನೇ ಉಳಿಸಬೇಕೆಂದು ನಾನು ವಾದಿಸುತ್ತೇನೆ. ಹೊಸದನ್ನು ಹಾಕಲೇಬೇಕಾದರೆ, ಬಣ್ಣಕ್ಕೆ ಹೋಗುವ ಮೊದಲು ಬಾಗಿಲು, ಬಾನೆಟ್ಟು, ಬಂಪರ್, ದೀಪಗಳ ಚೌಕಟ್ಟು ಎಲ್ಲವನ್ನೂ ಜೋಡಿಸಿ ಸಂದುಗಳನ್ನು ಸರಿಪಡಿಸಿ ಮತ್ತೆ ಬಿಚ್ಚಬೇಕು. ಕಳಚಿದ ಹಳೆಯ ಭಾಗವನ್ನು ಕಾರು ಹೊರಹೋಗುವವರೆಗೂ ಚೀಟಿ ಕಟ್ಟಿ ಇಡುತ್ತೇವೆ, ಏಕೆಂದರೆ ಹೊಸದು ಸರಿಯಿದೆಯೇ ಎಂದು ಅಳೆಯಲು ಅದಕ್ಕಿಂತ ಒಳ್ಳೆಯ ಮಾದರಿ ಇನ್ನೊಂದಿಲ್ಲ.

ಕಾರನ್ನು ಪ್ರದರ್ಶನಕ್ಕೆ ನಿಲ್ಲಿಸುತ್ತೀರೋ ಓಡಿಸುತ್ತೀರೋ ಎಂಬ ಪ್ರಶ್ನೆಯನ್ನು ಮಾಲೀಕರಿಗೆ ಆರಂಭದಲ್ಲೇ ಕೇಳಿ ಉತ್ತರವನ್ನು ಬರೆದಿಟ್ಟುಕೊಳ್ಳುತ್ತೇವೆ. ಬ್ರೇಕಿನ ಕೆಲಸ ಆ ಉತ್ತರದ ಮೇಲೆ ನಿಂತಿದೆ. 1965ರ ಮಸ್ಟ್ಯಾಂಗಿನಲ್ಲಿ ನಾಲ್ಕೂ ಚಕ್ರಗಳಿಗೆ ಇರುವುದು ಒಂದೇ ಸರ್ಕಿಟ್ಟಿನ ಮಾಸ್ಟರ್ ಸಿಲಿಂಡರ್, ಅಂದರೆ ಪೆಡಲ್ ಒತ್ತಿದಾಗ ಬ್ರೇಕ್ ದ್ರವವನ್ನು ಕೊಳವೆಗಳಿಗೆ ತಳ್ಳುವ ಭಾಗ. ಒಂದು ಕೊಳವೆ ಎಲ್ಲಿ ಸೋರಿದರೂ ನಾಲ್ಕೂ ಬ್ರೇಕು ಒಟ್ಟಿಗೆ ಹೋಗುತ್ತವೆ. ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬೇರೆ ಬೇರೆ ಸರ್ಕಿಟ್ ಮಸ್ಟ್ಯಾಂಗಿಗೆ ಬಂದದ್ದು 1967ರ ಮಾದರಿಯಲ್ಲಿ. ಓಡಿಸುವ ಕಾರಿಗೆ ಈ ಬದಲಾವಣೆ ಮಾಡಿ, ಮೂಲದ ಸಿಲಿಂಡರನ್ನು ಮಾಲೀಕರ ಕೈಗೆ ಕೊಡುತ್ತೇವೆ. ಮೂಲಸ್ಥಿತಿಯ ಬಗ್ಗೆ ಕಟ್ಟುನಿಟ್ಟಾಗಿರುವವರು ಆಕ್ಷೇಪಿಸುತ್ತಾರೆ, ನಾನು ಒಪ್ಪುವುದಿಲ್ಲ.

ಕಟ್ಟಿದ ಎಂಜಿನ್ನನ್ನು ಮೊದಲ ಸಲ ಶುರು ಮಾಡುವ ದಿನ ಎಲ್ಲಕ್ಕಿಂತ ಎಚ್ಚರದ ದಿನ. ಈ ಎಂಜಿನ್ನಿನಲ್ಲಿ ವಾಲ್ವುಗಳನ್ನು ತೆರೆಯಿಸುವ ದಂಡವಾದ ಕ್ಯಾಮ್, ಆ ಒತ್ತನ್ನು ವಾಲ್ವಿನತ್ತ ದಾಟಿಸುವ ಚಪ್ಪಟೆ ಟ್ಯಾಪೆಟ್‌ಗಳ ಮೇಲೆ ಉಜ್ಜಿಕೊಂಡು ತಿರುಗುತ್ತದೆ. ಹೊಸ ಕ್ಯಾಮ್ ಮತ್ತು ಟ್ಯಾಪೆಟ್ ಒಂದಕ್ಕೊಂದು ಹೊಂದಿಕೊಳ್ಳಬೇಕಾದರೆ ಶುರುವಾದ ಕ್ಷಣದಿಂದಲೇ ನಿಮಿಷಕ್ಕೆ ಸುಮಾರು 2,000 ಸುತ್ತುಗಳಲ್ಲಿ, ಐಡಲ್‌ಗೆ ಬಿಡದೆ, ಇಪ್ಪತ್ತು ನಿಮಿಷ ಓಡಿಸಬೇಕು. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹಾನಿಯಾಗದಿರಲೆಂದು ಇಂದಿನ ಎಣ್ಣೆಗಳಲ್ಲಿ ಸತು ಮತ್ತು ರಂಜಕದ ಅಂಶವನ್ನು ಕಡಿಮೆ ಮಾಡಿರುವುದರಿಂದ, ಆ ಅಂಶ ಹೆಚ್ಚಿರುವ ಎಣ್ಣೆಯನ್ನೇ ಹುಡುಕಿ ಹಾಕುತ್ತೇವೆ. ಪ್ಲಗ್ಗುಗಳಿಗೆ ಸರದಿಯಂತೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರ್ ಕೂರಿಸುವ ಮೊದಲು ಅದರ ತೂತಿನಿಂದ ಸರಳೊಂದನ್ನು ಇಳಿಸಿ, ಡ್ರಿಲ್ ಯಂತ್ರದಿಂದ ಆಯಿಲ್ ಪಂಪನ್ನು ತಿರುಗಿಸಿ, ಒತ್ತಡ ಮುಳ್ಳಿನಲ್ಲಿ ಕಂಡ ಮೇಲಷ್ಟೇ ಮುಂದಿನ ಹೆಜ್ಜೆ. ಪ್ಲಗ್ಗಿನ ತಂತಿಗಳು ಸಿಲಿಂಡರುಗಳು ಉರಿಯುವ 1-5-4-2-6-3-7-8ರ ಕ್ರಮದಲ್ಲಿವೆಯೇ ಎಂದು ಇಬ್ಬರು ಬೇರೆ ಬೇರೆಯಾಗಿ ನೋಡುತ್ತಾರೆ. ಫೋರ್ಡ್ ಸಿಲಿಂಡರುಗಳನ್ನು ಒಂದು ಬದಿಗೆ ಒಂದರಿಂದ ನಾಲ್ಕು, ಇನ್ನೊಂದು ಬದಿಗೆ ಐದರಿಂದ ಎಂಟು ಎಂದು ಎಣಿಸಿದರೆ, ಷೆವ್ರೊಲೆ ಒಂದು ಬದಿಗೆ ಬೆಸ, ಇನ್ನೊಂದು ಬದಿಗೆ ಸಮ ಎಂದು ಎಣಿಸುತ್ತದೆ. ಎರಡರ ಮೇಲೂ ಕೈ ಆಡಿದವರಿಗೆ ಗೊಂದಲ ಸುಲಭ. ಎಂಜಿನ್ ಶುರುವಾಗದೆ ಪದೇ ಪದೇ ಸ್ಟಾರ್ಟರ್ ತಿರುಗಿಸುತ್ತಾ ಟೈಮಿಂಗ್, ಅಂದರೆ ಕಿಡಿ ಹಾರಬೇಕಾದ ಸರಿಯಾದ ಕ್ಷಣ, ಹುಡುಕುವ ಹೊತ್ತಿನಲ್ಲೇ ಹೊಸ ಕ್ಯಾಮ್ ಸವೆದುಹೋಗುತ್ತದೆ.

ಕೀಲಿ ಕೊಡುವ ದಿನ ಮಾಲೀಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬರುತ್ತೇವೆ. ತಣ್ಣಗಿರುವಾಗ ಕೀಲಿ ತಿರುಗಿಸುವ ಮೊದಲು ಆಕ್ಸಿಲರೇಟರನ್ನು ಒಮ್ಮೆ ಪೂರ್ತಿ ಒತ್ತಿ ಬಿಟ್ಟರೆ, ತಣ್ಣಗಿನ ಎಂಜಿನ್ನಿಗೆ ಹೋಗುವ ಗಾಳಿಯನ್ನು ತಗ್ಗಿಸುವ ಚೋಕ್ ಕೂರುತ್ತದೆ. ಡ್ರಮ್ ಬ್ರೇಕು ಮೇಲಿಂದ ಮೇಲೆ ಒತ್ತಿದರೆ ಬಿಸಿಯಾಗಿ ಸೋಲುತ್ತದೆ, ಆದ್ದರಿಂದ ಮುಂದಿನ ಕಾರಿನಿಂದ ದೂರ ಇರಬೇಕು. ಎಥನಾಲ್ ಬೆರೆತ ಪೆಟ್ರೋಲನ್ನು ಚಳಿಗಾಲವಿಡೀ ಟ್ಯಾಂಕಿನಲ್ಲಿ ಬಿಡಬಾರದು. ಆಗಸ್ಟ್ ತಿಂಗಳ ಮೂರನೆಯ ಶನಿವಾರ ಡೆಟ್ರಾಯಿಟ್ ಹೊರವಲಯದ ವುಡ್‌ವರ್ಡ್ ಅವೆನ್ಯೂವಿನಲ್ಲಿ 1995ರಿಂದ ನಡೆದು ಬಂದಿರುವ ಹಳೆಯ ಕಾರುಗಳ ಮೆರವಣಿಗೆಗೆ ಇವನ್ನು ಒಯ್ಯುವವರಿಗೆ ಕೂಲಂಟ್ ಮತ್ತು ಫ್ಯಾನ್ ಬೆಲ್ಟನ್ನು ಹಿಂದಿನ ದಿನವೇ ನೋಡಿಕೊಳ್ಳಲು ಹೇಳುತ್ತೇವೆ, ಏಕೆಂದರೆ ಆ ದಿನ ಕಾರು ಓಡುವುದಕ್ಕಿಂತ ನಿಂತಲ್ಲೇ ಉರಿಯುವುದು ಹೆಚ್ಚು. ಮೊದಲ 500 ಮೈಲಿ ಓಡಿದ ಮೇಲೆ ಎಣ್ಣೆ ಬದಲಿಸಿ, ಚಕ್ರದ ನಟ್ಟು ಮತ್ತು ವಾಲ್ವ್ ಕವರಿನ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದು, ಬ್ರೇಕ್ ಶೂಗಳನ್ನು ಹೊಂದಿಸಿ ಕೊಡುವುದು ನಮ್ಮ ಬಿಲ್ಲಿನಲ್ಲೇ ಸೇರಿದೆ.