ಡಾರ್ಲಿಂಗ್ಟನ್‌ಗೆ ಹೋದರೆ ಇನ್ನೊಂದು ನಿಲ್ದಾಣ ಮುಂದಕ್ಕೆ ಹೋಗಿ

ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಉತ್ತರ ಇಂಗ್ಲೆಂಡಿನ ಹಳೆಯ ರೈಲು ಊರಾದ ಡಾರ್ಲಿಂಗ್ಟನ್‌ಗೆ ಸುಮಾರು ಎರಡೂವರೆ ಗಂಟೆಯ ಪ್ರಯಾಣ. ರೈಲಿನಿಂದ ಇಳಿದವನೇ ನಾನು ಸೀದಾ ಊರೊಳಗೆ ನಡೆಯತೊಡಗಿದೆ. ತಪ್ಪಾಯಿತು. ನಾನು ನೋಡಬೇಕೆಂದಿದ್ದ ಹಳೆಯ ನಿಲ್ದಾಣವೂ ಎಂಜಿನ್ ಕಾರ್ಯಾಗಾರವೂ ಇದ್ದದ್ದು ಊರಿನ ಇನ್ನೊಂದು ತುದಿಯ ನಾರ್ತ್ ರೋಡ್‌ನಲ್ಲಿ. ಜಿನುಗುವ ಮಳೆಯಲ್ಲಿ, ಹೆಗಲಿಗೆ ಚೀಲ ಹೊತ್ತು ಅರ್ಧ ಗಂಟೆ ನಡೆದ ಮೇಲೆ ಈ ಮಾತು ಹೇಳುತ್ತಿದ್ದೇನೆ: ನೀವು ನಿಲ್ದಾಣದಿಂದ ಹೊರಬರಬೇಡಿ. ಅಲ್ಲಿಯೇ ಬಿಷಪ್ ಆಕ್ಲೆಂಡ್ ಕಡೆಗೆ ಹೋಗುವ ಚಿಕ್ಕ ರೈಲು ಹಿಡಿಯಿರಿ. ಮುಂದಿನ ನಿಲ್ದಾಣವೇ ನಾರ್ತ್ ರೋಡ್, ಕೆಲವೇ ನಿಮಿಷಗಳ ದಾರಿ.

ಇಳಿದಾಗ ಮೋಸಹೋದೆವೇನೋ ಅನ್ನಿಸುತ್ತದೆ. ಟಿಕೆಟ್ ಕೊಡುವವರೂ ಇಲ್ಲದ ಒಂದು ಪ್ಲಾಟ್‌ಫಾರಂ, ಅಷ್ಟೇ. ಪಕ್ಕದ ತಗ್ಗು ಕಟ್ಟಡದತ್ತ ತಿರುಗಿ ನೋಡಿ. ಅದು 1842ರ ನಿಲ್ದಾಣ. 1825ರ ಸೆಪ್ಟೆಂಬರ್ 27ರಂದು ಎಂಜಿನಿಯರ್ ಜಾರ್ಜ್ ಸ್ಟೀವನ್ಸನ್ ಎಂಜಿನ್ ನಡೆಸಿ ಉದ್ಘಾಟಿಸಿದ ಸ್ಟಾಕ್ಟನ್–ಡಾರ್ಲಿಂಗ್ಟನ್ ರೈಲ್ವೆಯ ಕಂಪನಿ ಇದನ್ನು ಪ್ರಯಾಣಿಕರಿಗೆಂದು ಕಟ್ಟಿಸಿತು. ಕಲ್ಲಿದ್ದಲು ಸಾಗಿಸಲು ಹುಟ್ಟಿದ ಕಂಪನಿಗೆ ಜನರೂ ಒಂದು ಸರಕೇ ಎಂದು ಅರಿವಾಗಲು ತುಸು ಕಾಲ ಬೇಕಾಯಿತು ನೋಡಿ. 1975ರಿಂದ ಇದು ಮ್ಯೂಸಿಯಂ. 2024ರಲ್ಲಿ ಸುತ್ತಲಿನ ಹಳೆಯ ಕಟ್ಟಡಗಳನ್ನೂ ಸೇರಿಸಿಕೊಂಡು ಹೋಪ್‌ಟೌನ್ ಎಂಬ ಹೆಸರಿನಲ್ಲಿ ಮತ್ತೆ ತೆರೆದಿದ್ದಾರೆ. ಒಳಗೆ ಹೋಗಲು ದುಡ್ಡಿಲ್ಲ. ಆದರೆ ತೆರೆದಿರುವ ದಿನಗಳನ್ನು ಜಾಲತಾಣದಲ್ಲಿ ನೋಡಿಕೊಂಡೇ ಹೊರಡಿ.

ಇನ್ನು ಕಾರ್ಯಾಗಾರವನ್ನು ಹುಡುಕಿಕೊಂಡು ಅಲೆಯಬೇಡಿ. 1863ರಲ್ಲಿ ಶುರುವಾದ ಅದು ಕೊನೆಯ ಉಗಿ ಎಂಜಿನ್ ಕಟ್ಟಿದ್ದು 1957ರಲ್ಲಿ, ಬಾಗಿಲು ಹಾಕಿದ್ದು 1966ರಲ್ಲಿ. ಆ ಜಾಗದಲ್ಲೀಗ ಸೂಪರ್‌ಮಾರ್ಕೆಟ್ ಇದೆ.

ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಹೋಪ್‌ಟೌನ್ ಆವರಣದಲ್ಲಿರುವ, 1853ರಲ್ಲಿ ಬೋಗಿ ತಯಾರಿಕೆಗೆಂದು ಕಟ್ಟಿದ ಉದ್ದನೆಯ ಕಟ್ಟಡ. ಎ1 ಎಂಬ ದರ್ಜೆಯ 49 ಎಂಜಿನ್‌ಗಳು ಡಾನ್‌ಕಾಸ್ಟರ್‌ನಲ್ಲೂ ಈ ಊರಿನಲ್ಲೂ ತಯಾರಾಗಿದ್ದವು; ಒಂದೂ ಉಳಿಯದೆ ಎಲ್ಲ ಗುಜರಿಗೆ ಹೋದವು. ಸುಮ್ಮನೆ ಕೊರಗುವ ಬದಲು ಕೆಲವು ಹುಚ್ಚರು ಐವತ್ತನೆಯದನ್ನು ತಾವೇ, ಇದೇ ಕಟ್ಟಡದಲ್ಲಿ ಕಟ್ಟಲು ಹೊರಟರು. ವಾರಕ್ಕೊಂದು ಲೋಟ ಬಿಯರಿನ ದುಡ್ಡು ಕೊಡಿ ಎಂದು ಜನರನ್ನು ಕೇಳಿದರು. 1994ರಲ್ಲಿ ಕೆಲಸ ಶುರುವಾಯಿತು, 2008ರಲ್ಲಿ ಎಂಜಿನ್ ಓಡಿತು. ಹೆಸರು ಟೊರ್ನಾಡೊ, ಸಂಖ್ಯೆ 60163. ಹಳೆಯ ಸಾಲಿನ ಕೊನೆಯದು 60162, ಇದು ಅದರ ಮುಂದಿನ ಸಂಖ್ಯೆ! ಬಾಯ್ಲರ್ ಮಾತ್ರ ಜರ್ಮನಿಯ ಮೈನಿಂಗನ್‌ನಿಂದ ಬಂತು. ಉಗಿ ಎಂಜಿನ್‌ಗಳನ್ನು ಲೋಕಕ್ಕೇ ಕಲಿಸಿದ ದೇಶ ಬಾಯ್ಲರಿಗಾಗಿ ಹೊರಗೆ ಕೈಚಾಚಬೇಕಾದದ್ದನ್ನು ಓದಿ ನಗಬೇಕೋ ಮರುಗಬೇಕೋ ತಿಳಿಯಲಿಲ್ಲ. ಅದೇ ಗುಂಪು ಈಗ ಪಿ2 ದರ್ಜೆಯ ಇನ್ನೊಂದನ್ನು ಕಟ್ಟುತ್ತಿದೆ. ಆ ಕೆಲಸವನ್ನು ನೋಡುವ ಅವಕಾಶವಿದೆ, ಬಿಡಬೇಡಿ.

ಹೊರಗೆ ಬಂದವರು ಸ್ಕರ್ನ್ ನದಿಯ ಸೇತುವೆಯತ್ತ ನಡೆಯಿರಿ. 1825ರದು, ನೀವು ಬಂದ ಚಿಕ್ಕ ರೈಲು ಅದರ ಮೇಲೆಯೇ ಹಾದುಬಂದಿದೆ, ನಿಮಗೆ ಗೊತ್ತಾಗಿರುವುದಿಲ್ಲ, ಅಷ್ಟೇ. 1990ರಲ್ಲಿ ಬಂದ ಐದು ಪೌಂಡಿನ ನೋಟಿನಲ್ಲಿ ಸ್ಟೀವನ್ಸನ್ ಜೊತೆ ಇದರ ಚಿತ್ರವೂ ಇತ್ತು. ಸುತ್ತಮುತ್ತ ಅಷ್ಟೇನೂ ಚೊಕ್ಕಟವಾಗಿಲ್ಲ, ಚಪ್ಪಲಿಯಲ್ಲ, ಗಟ್ಟಿ ಬೂಟು ಹಾಕಿ.

ಉದ್ಘಾಟನೆಯ ದಿನ ಓಡಿದ ಎಂಜಿನ್, ಲೋಕೊಮೋಷನ್ ನಂಬರ್ 1, ಇಲ್ಲೇ ಇದೆ ಎಂದು ನನ್ನ ಹಳೆಯ ಕೈಪಿಡಿ ಹೇಳುತ್ತಿತ್ತು. ಅದನ್ನು 2021ರಲ್ಲಿ ಶಿಲ್ಡನ್‌ಗೆ ಒಯ್ದಿದ್ದಾರೆ. ಕೆಲವೊಮ್ಮೆ ಬೇರೆಡೆಗೂ ಕಳಿಸುವುದುಂಟು, ಆದ್ದರಿಂದ ಮೊದಲೇ ವಿಚಾರಿಸಿ. ಅದೇ ಚಿಕ್ಕ ರೈಲಿನಲ್ಲಿ ಮುಂದುವರಿದರೆ ಶಿಲ್ಡನ್ ಸಿಗುತ್ತದೆ, ಅಲ್ಲಿನ ಮ್ಯೂಸಿಯಂ ನಿಲ್ದಾಣದ ಹತ್ತಿರವೇ ಇದೆ, ಅದಕ್ಕೂ ಪ್ರವೇಶ ಉಚಿತ. ಈ ಮಾರ್ಗದಲ್ಲಿ ರೈಲುಗಳು ವಿರಳ. ವಾಪಸು ಬರುವ ರೈಲಿನ ಹೊತ್ತನ್ನು ಬೆಳಿಗ್ಗೆಯೇ ಬರೆದಿಟ್ಟುಕೊಳ್ಳಿ. ನಾನು ಬರೆದುಕೊಳ್ಳದೆ ಶಿಲ್ಡನ್‌ನ ಪ್ಲಾಟ್‌ಫಾರಂನಲ್ಲಿ ಗಾಳಿಗೆ ಮುದುಡಿ ಐವತ್ತು ನಿಮಿಷ ಕುಳಿತಿದ್ದೆ.